ಹೊಂಗೆ ಚಿಗುರಿದೆ, ಹಳೇ ಸೀರೆ ಕೈಯಲ್ಲಿದೆ: ಖರ್ಚಿಲ್ಲದ ನಡಿಗೆ, ಖರ್ಚಿಲ್ಲದ ಹೊಲಿಗೆ

ಸೂಜಿಮಲ್ಲಿಗೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಮುಗಿಯುತ್ತಾ ಬಂತು ಅಂದರೆ ನನಗೆ ಎರಡು ಹುಚ್ಚು ಒಟ್ಟಿಗೆ ಹಿಡಿಯುತ್ತವೆ. ಬೆಳಗ್ಗೆ ನಡೆಯೋದು, ಮಧ್ಯಾಹ್ನ ಹೊಲಿಯೋದು. ಎರಡಕ್ಕೂ ಅಂಗಡಿಗೆ ಹೋಗಬೇಕಿಲ್ಲ ಅನ್ನೋದು ನನ್ನ ವಾದ.

ನಾನಿರೋದು ಜಯನಗರದ ಒಂದು ಅಡ್ಡರಸ್ತೆಯಲ್ಲಿ. ಸಾಲಿಗೆ ಹೊಂಗೆ ಮರಗಳಿವೆ. ಮೊನ್ನೆ ಮೊನ್ನೆವರೆಗೂ ಎಲೆ ಉದುರಿಸಿ ಗುಡಿಸುವವರಿಗೆ ಸಾಕುಸಾಕು ಮಾಡಿದ್ದವು. ಈಗ ನೋಡಿದರೆ ಎಲೆಗೆಲ್ಲ ಎಣ್ಣೆ ಸವರಿದ ಹಾಗೆ ಮಿಂಚುತ್ತಿವೆ. ತಿರುವಿನಲ್ಲಿರೋ ಅಶ್ವತ್ಥಕ್ಕೆ ತಾಮ್ರದ ಬಣ್ಣದ ಚಿಗುರು ಬಂದಿದೆ. ಕುಟ್ರುಹಕ್ಕಿ ಬೆಳಗ್ಗೆಯಿಂದ ಒಂದೇ ಸಮ ಕುಟ್ರೂ ಕುಟ್ರೂ ಅಂತಿರುತ್ತೆ. ಲಾಲ್‌ಬಾಗಿಗೆ ಹೋದರೆ ಇನ್ನೂ ಚೆಂದ, ಆದರೆ ನಮ್ಮ ಬೀದಿಯೇ ಸಾಕು. ಆರಕ್ಕೆ ಹೊರಟು ಏಳೂವರೆಗೆ ವಾಪಸ್. ಎಂಟು ದಾಟಿದರೆ ಬಿಸಿಲು ಚುರುಗುಟ್ಟುತ್ತದೆ.

ಹೊಲಿಗೆ ವಿಷಯಕ್ಕೆ ಬರ್ತೀನಿ. ಚೂಡಿದಾರದ ಟಾಪಿಗೆ ಜೇಬು ಯಾಕಿರೋದಿಲ್ಲ ಹೇಳಿ? ಮನೆ ಬೀಗದ ಕೈ, ಕರವಸ್ತ್ರ, ಎಳನೀರಿಗೆ ಒಂದಿಷ್ಟು ದುಡ್ಡು, ಇಷ್ಟಕ್ಕೆ ಒಂದು ವ್ಯಾನಿಟಿ ಬ್ಯಾಗ್ ನೇತುಹಾಕಿಕೊಂಡು ನಡೆಯಬೇಕಾ? ನನ್ನ ಹಳೇ ಟಾಪುಗಳಿಗೆಲ್ಲ ನಾನೇ ಜೇಬು ಹಾಕಿದೀನಿ. ವಿಧಾನ ಸುಲಭ. ಬಲಗಡೆ ಪಕ್ಕದ ಹೊಲಿಗೆಯನ್ನು ಸೊಂಟದಿಂದ ಸ್ವಲ್ಪ ಕೆಳಗೆ ಆರು ಇಂಚು ಬಿಚ್ಚಿ. ಸ್ಲಿಟ್ ಶುರುವಾಗೋ ಜಾಗಕ್ಕಿಂತ ಮೇಲೆ ಒಂದು ಇಂಚಾದರೂ ಹೊಲಿಗೆ ಉಳಿಯಬೇಕು, ಅಷ್ಟು ಜಾಗ ಇಲ್ಲದಿದ್ದರೆ ಐದೇ ಇಂಚು ಬಿಚ್ಚಿ. ಹಳೇ ಲಂಗದ ಬಟ್ಟೆಯಲ್ಲಿ ಏಳು ಇಂಚು ಅಗಲ, ಹನ್ನೊಂದು ಇಂಚು ಉದ್ದದ ಎರಡು ತುಂಡು ತೆಗೆದುಕೊಳ್ಳಿ. ಕೈಯನ್ನೇ ಮೇಲಿಟ್ಟು ಸುತ್ತ ಜಾಗ ಬಿಟ್ಟು ಚಾಕ್‌ನಲ್ಲಿ ಗೆರೆ ಎಳೆದರೂ ಅಳತೆ ಸರಿಹೋಗುತ್ತದೆ. ಒಂದು ತುಂಡನ್ನು ಮುಂಭಾಗದ ಅಂಚಿಗೆ, ಇನ್ನೊಂದನ್ನು ಹಿಂಭಾಗದ ಅಂಚಿಗೆ ಕೂಡಿಸಿ, ಆಮೇಲೆ ಕೈ ತೂರಿಸೋ ಬಾಯಿ ಬಿಟ್ಟು ಎರಡನ್ನೂ ಸೇರಿಸಿ ಸುತ್ತ ಹೊಲಿಯಿರಿ. ಬಾಯಿಯ ಎರಡೂ ತುದಿಗೆ ಹಿಂದಕ್ಕೂ ಮುಂದಕ್ಕೂ ಡಬಲ್ ಹೊಲಿಗೆ ಹಾಕಿ. ಕಿತ್ತುಹೋಗೋದು ಅಲ್ಲೇ.

ನೀವೆಲ್ಲ ಎಲ್ಲಿ ನಡೀತೀರಿ? ಮನೇಲಿರೋ ಬಟ್ಟೆಯಲ್ಲಿ ಏನು ಹೊಲೀತೀರಿ? ಷರತ್ತು ಒಂದೇ, ಹೊಸ ಬಟ್ಟೆ ತಂದೆ ಅನ್ನುವಂತಿಲ್ಲ.

ಕೆರೆದಂಡೆ (ಮೈಸೂರು)

ಕುಕ್ಕರಹಳ್ಳಿ ಕೆರೆ ಏರಿ, ಮತ್ತೇನು. ಈ ತಿಂಗಳು ಹೆಜ್ಜಾರ್ಲೆಗಳ ಸಂಸಾರ ಜೋರಾಗಿದೆ. ನೀರಿನ ನಡುವಿನ ಮರಗಳಲ್ಲಿ ಗೂಡು, ಮರಿಗಳ ಗಲಾಟೆ. ನಡೆಯೋಕೆ ಬಂದವರು ಅರ್ಧ ಹೊತ್ತು ನಿಂತೇ ಇರ್ತಾರೆ. ಡಾಕ್ಟರು ಕೇಳಿದರೆ ಒಂದು ಗಂಟೆ ನಡೆದೆ ಅಂತ ಹೇಳ್ತಾರೆ.

ನಾನು ಗಂಡಸು, ರಿಟೈರ್ ಆದವನು, ಹೊಲಿಗೆ ಬರುತ್ತದೆ. ನಮ್ಮಮ್ಮನ ಕಾಲು ಮೆಷಿನ್ ಇನ್ನೂ ಓಡುತ್ತಿದೆ. ಹಳೇ ಪಂಚೆಯಲ್ಲಿ ಪೈಜಾಮ ಹೊಲಿದುಕೊಳ್ತೀನಿ. ಬೇಸಿಗೆಗೆ ಅದಕ್ಕಿಂತ ಹಿತವಾದ ಬಟ್ಟೆ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಲಾಡಿ ಪಟ್ಟಿಗೆ ಪಂಚೆಯ ಅಂಚನ್ನೇ ಬಳಸ್ತೀನಿ. ಅಂಚು ಗಟ್ಟಿ, ಮಡಚಿ ಹೊಲಿಯೋ ಕೆಲಸವೂ ಇಲ್ಲ.

ಜೇಬು ಬೇಡ ಅನ್ನೋರಿಗೆ ಒಂದು ಉಪಾಯ. ಎಲೆಅಡಿಕೆ ಸಂಚಿ ನೋಡಿದೀರಲ್ಲ, ಅದೇ ಅಳತೆಯಲ್ಲಿ ದಾರ ಎಳೆಯೋ ಚೀಲ ಹೊಲಿದು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಲೆಕ್ಕಪತ್ರ (ತುಮಕೂರು)

ಒಂದು ಅಪಸ್ವರ ಹಾಡಲಾ? ನಡಿಗೆಗೆ ಖರ್ಚಿಲ್ಲ, ಒಪ್ಪಿದೆ. ಹೊಲಿಗೆಯಲ್ಲಿ ಉಳಿತಾಯ ಅನ್ನೋದು ನನಗೆ ನಂಬಿಕೆಯಿಲ್ಲ. ಮೆಷಿನ್ನಿಗೆ ದುಡ್ಡು, ದಾರಕ್ಕೆ ದುಡ್ಡು, ಸೂಜಿ, ಬಾಬಿನ್, ಎಣ್ಣೆ, ಬೆಲ್ಟು. ಎಲ್ಲಕ್ಕಿಂತ ಜಾಸ್ತಿ ನಿಮ್ಮ ಮಧ್ಯಾಹ್ನ. ಸಂತೆಯಲ್ಲಿ ದಿಂಬಿನ ಕವರು ಜೋಡಿ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತೆ. ನಮ್ಮನೆಯವರು ಹೊಲಿದು ಉಳಿಸ್ತೀನಿ ಅಂತ ಶುರುಮಾಡಿ ಈಗ ಲೇಸು, ಪೈಪಿಂಗು, ಬಣ್ಣಬಣ್ಣದ ದಾರದ ರೀಲುಗಳಿಂದ ಒಂದು ಬೀರು ತುಂಬಿಸಿದಾರೆ.

ಸೂಜಿಮಲ್ಲಿಗೆ

ಲೆಕ್ಕಪತ್ರ ಸರ್, ಬೀರು ತುಂಬಿದ್ದು ಹೊಲಿಗೆಯಿಂದಲ್ಲ, ಶಾಪಿಂಗ್‌ನಿಂದ. ಅದಕ್ಕೇ ಮೊದಲೇ ಷರತ್ತು ಹಾಕಿದ್ದು.

ಆದರೂ ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. ಮೀಟರ್ ಲೆಕ್ಕದಲ್ಲಿ ಹೊಸ ಬಟ್ಟೆ ಕೊಂಡು ಮನೆಯಲ್ಲಿ ಚೂಡಿದಾರ ಹೊಲಿದರೆ ಒಂದು ರೂಪಾಯಿಯೂ ಉಳಿಯೋದಿಲ್ಲ, ಎಷ್ಟೋ ಸಲ ರೆಡಿಮೇಡೇ ಅಗ್ಗ. ಬ್ಲೌಸಿನ ಗೊಡವೆಗೆ ನಾನು ಹೋಗೋದೇ ಇಲ್ಲ. ತೋಳು ಕೂರಿಸೋದು, ಟಕ್ಸ್, ಹುಕ್ಕು, ಅಸ್ತರು, ಅದೆಲ್ಲ ಟೈಲರ್ ಕೆಲಸ, ಅವರ ಹೊಟ್ಟೆಪಾಡೂ ನಡೀಬೇಕು.

ಉಳಿಯೋದು ಎಲ್ಲಿ ಅಂದರೆ, ನೇರ ಗೆರೆಯ ಹೊಲಿಗೆ ಇರುವ ಕಡೆ, ಬಟ್ಟೆ ಈಗಾಗಲೇ ಮನೆಯಲ್ಲಿರುವ ಕಡೆ. ದಿಂಬಿನ ಗವಸನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಸಿಗೋ ದಿಂಬು ಹೆಚ್ಚಾಗಿ 17 ಇಂಚಿಗೆ 27 ಇಂಚು. ಹಳೇ ಹತ್ತಿ ಸೀರೆಯಿಂದ 19 ಇಂಚು ಅಗಲ, 64 ಇಂಚು ಉದ್ದದ ಒಂದೇ ತುಂಡು ಕತ್ತರಿಸಿ. ಎರಡೂ ಗಿಡ್ಡ ತುದಿ ಮಡಚಿ ಹೊಲಿಯಿರಿ. ಆರು ಇಂಚು ಒಂದರ ಮೇಲೊಂದು ಬರುವ ಹಾಗೆ ಮಡಚಿ, ಪಕ್ಕ ಎರಡೂ ಹೊಲಿದು ತಿರುಗಿಸಿ. ಜಿಪ್ಪು ಬೇಡ, ಗುಂಡಿ ಬೇಡ, ಕಾಜಾ ಬೇಡ.

ಸೀರೆಯಲ್ಲಿ ಎಲ್ಲಿ ಕತ್ತರಿಸಬೇಕು ಅನ್ನೋದೂ ಗೊತ್ತಿರಬೇಕು. ಹಿಮ್ಮಡಿ ತಾಗೋ ಕೆಳ ಅಂಚು, ಕೂರುವ ಜಾಗ, ಪಿನ್ ಹಾಕೋ ಭುಜ, ಇವು ಮೊದಲು ಸವೆಯುತ್ತವೆ. ನೆರಿಗೆಯ ಭಾಗ, ಒಳಗೆ ಸಿಕ್ಕಿಸಿಕೊಳ್ಳೋ ಮೊದಲ ಸುತ್ತು ಗಟ್ಟಿಯಾಗಿರುತ್ತವೆ. ಬೆಳಕಿಗೆ ಹಿಡಿದು ನೋಡಿ. ಎಳೆ ತೆಳುವಾದ ಕಡೆ ಗವಸಿಗೆ ಬೇಡ, ಒರೆಸೋ ಬಟ್ಟೆಗೆ ಹಾಕಿ.

ಲೆಕ್ಕಪತ್ರ

ಮಧ್ಯಾಹ್ನದ ಲೆಕ್ಕ ಇನ್ನೂ ಬಂದಿಲ್ಲ.

ಸೂಜಿಮಲ್ಲಿಗೆ

ಮಧ್ಯಾಹ್ನ ನನ್ನದು ಸರ್, ಅದಕ್ಕೆ ಬಾಡಿಗೆ ಕೇಳೋರಿಲ್ಲ 😄

ಕೌದಿ ಅವ್ವ (ಧಾರವಾಡ)

ತಂಗೀ, ನೇರ ಹೊಲಿಗೆ ಅಂತ ಮಾತು ಬಂತಲ್ಲ, ನಾನು ಸುಮ್ಮನೆ ಹ್ಯಾಂಗ ಇರಲಿ? ಕೌದಿಯಷ್ಟು ನೇರ ಹೊಲಿಗೆ ಇನ್ನೊಂದಿಲ್ಲ. ಅದಕ್ಕೆ ಮೆಷಿನ್ನೂ ಬೇಡ.

ಸುಗ್ಗಿ ಮುಗಿದು, ಹೊಲದ ಕೆಲಸ ಕಡಿಮೆಯಾಗಿ, ಮಳೆಗಾಲ ಇನ್ನೂ ದೂರ ಇರುವಾಗ ನಮ್ಮ ಕಡೆ ಕೌದಿ ಹೊಲಿಯೋದು. ಅಂದರೆ ಈಗಲೇ. ಅಂಗಳದಲ್ಲಿ, ಪಡಸಾಲೆಯಲ್ಲಿ ಹಾಸಿ ನಾಲ್ಕು ಮೂಲೆಗೆ ನಾಲ್ಕು ಜನ ಕೂತರೆ ಮಾತಿಗೆ ಮಾತೂ ಆಗುತ್ತದೆ, ಕೆಲಸವೂ ಸಾಗುತ್ತದೆ. ಊರ ಸುದ್ದಿ ಬೇಕಾದರೆ ಪೇಪರ್ ಓದಬೇಕಿಲ್ಲ.

ಲೆಕ್ಕ ಕೇಳಿದವರಿಗೆ ಲೆಕ್ಕ ಕೊಡ್ತೀನಿ. ಆರು ಗಜದ ಸೀರೆ ಸುಮಾರು ಐದೂವರೆ ಮೀಟರ್. ನಡುವೆ ಕತ್ತರಿಸಿ ಎರಡು ತುಂಡನ್ನು ಉದ್ದಕ್ಕೆ ಕೂಡಿಸಿದರೆ ಏಳೂವರೆ ಅಡಿಗೆ ಒಂಬತ್ತು ಅಡಿ ಬರುತ್ತದೆ. ಇಬ್ಬರು ಹೊದೆಯೋ ಅಳತೆ. ಅಡಿಗೆ ಒಂದು ಸೀರೆ, ನಡುವೆ ಒಂದು, ಮೇಲೆ ಒಂದು. ಮೂರು ಹಳೇ ಸೀರೆಗೆ ಒಂದು ಕೌದಿ ಆಯಿತು. ಛಳಿಗೆ ಬೇಕೆಂದರೆ ನಡುವೆ ಇನ್ನೂ ಎರಡು ಪದರ ಹಾಕಿ. ಮೇಲಿನ ಪದರಕ್ಕೆ ಕುಪ್ಪಸದ ತುಂಡು, ಅಂಗಿ ತುಂಡು ಹಚ್ಚಿದರೆ ಬಣ್ಣ ಬರುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಹತ್ತಿ ಜೊತೆ ಹತ್ತಿ ಮಾತ್ರ. ನಡುವೆ ಒಂದು ಪಾಲಿಸ್ಟರ್ ಸೀರೆ ತೂರಿಸಿದರೋ, ಬ್ಯಾಸಗಿಯಲ್ಲಿ ಬೆವರು, ತೊಳೆದ ಮೇಲೆ ಹತ್ತಿ ಕುಗ್ಗಿ ಅದು ಹಾಗೇ ಉಳಿದು ಕೌದಿ ಗುಬ್ಬುಗುಬ್ಬಾಗುತ್ತದೆ. ಎಲ್ಲಾ ಬಟ್ಟೆ ಮೊದಲು ಬಿಸಿನೀರಲ್ಲಿ ತೊಳೆದು ಒಣಗಿಸಿ. ಆಮೇಲೆ ಹಾಸಿ, ಸುಕ್ಕು ತೆಗೆದು, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರ ಜರುಗದ ಹಾಗೆ ಮಾಡಿಕೊಳ್ಳಿ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಒಳಗೆ ಬರಬೇಕು, ನಡುವಿಗೆ ಬಂದು ಮುಗಿಸಬೇಕು. ಸಾಲಿನ ನಡುವೆ ಒಂದು ಬೆರಳು ಅಂತರ. ದಾರ ಹತ್ತಿಯದು, ಎರಡೆಳೆ.

ನಡಿಗೆ ಕೇಳಿದಿರಿ. ಸಾಧನಕೇರಿ ಸುತ್ತ, ಸಂಜೆ. ಮಾವಿನ ಹೂವಿನ ವಾಸನೆ ಗಾಳಿಗೆ ಬರುತ್ತದೆ. ಮೊಣಕಾಲು ಬೇಡ ಅನ್ನುತ್ತದೆ, ನಾನು ಕೇಳೋದಿಲ್ಲ.

ಘಟ್ಟದಂಚು (ಯಲ್ಲಾಪುರ)

ಅವ್ವಾ, ನಮ್ಮ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋ ಕವಂದಿಯನ್ನು ನೀವು ನೋಡಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಅವರ ಮನೆಗಳಿವೆ. ಅವರದೂ ಅಂಚಿನಿಂದ ಸುತ್ತಿ ಒಳಗೆ ಬರೋ ಕ್ರಮವೇ, ಆದರೆ ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳೋದಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಕೈಗೆ ಸಿಕ್ಕಿದ್ದನ್ನು ನೋಡಿ ಹಚ್ಚುತ್ತಾ ಹೋಗ್ತಾರೆ. ಕೊನೆಯಲ್ಲಿ ನಾಲ್ಕೂ ಮೂಲೆಗೆ ಮಡಚಿದ ಸಣ್ಣ ಬಟ್ಟೆಯ ತ್ರಿಕೋನ ಕೂರಿಸ್ತಾರೆ. ಅದಕ್ಕೆ ಫೂಲಾ ಅನ್ನೋದು. ಅದಿಲ್ಲದೆ ಕವಂದಿ ಮುಗಿದ ಲೆಕ್ಕವಿಲ್ಲ. ಈಗ ದೇಶ ವಿದೇಶದ ಪ್ರದರ್ಶನಗಳಿಗೂ ಹೋಗುತ್ತಿದೆ. ಹಾಗಾಗಿ ಕೊಳ್ಳುವವರು ಹಳೇ ಬಟ್ಟೆ ತಾನೇ ಅಂತ ಚೌಕಾಸಿ ಮಾಡಬೇಡಿ. ಉಳಿತಾಯ ನಮ್ಮ ಮನೆಯೊಳಗೆ ಇರಲಿ, ಇನ್ನೊಬ್ಬರ ದುಡಿಮೆಯಲ್ಲಿ ಬೇಡ.

ನಡೆಯೋಕೆ ಇಲ್ಲಿ ದಾರಿ ಹುಡುಕಬೇಕಿಲ್ಲ. ಈಗ ಮುತ್ತುಗ ಹೂ ಬಿಟ್ಟಿದೆ. ಒಂದು ಎಲೆಯೂ ಇಲ್ಲದ ಮರದ ತುಂಬ ಕೇಸರಿ. ಬೂರುಗವೂ ಹಾಗೇ, ಕೆಂಪು. ಕಾಜಾಣ, ಗೊರವಂಕ, ಅಳಿಲು ಎಲ್ಲಾ ಅದರ ಮಕರಂದಕ್ಕೆ ಜಗಳ. ಬಿದ್ದ ಹೂ ತಿನ್ನೋಕೆ ಬೆಳಗಿನ ಜಾವ ಜಿಂಕೆ ಬರುತ್ತವೆ.

ಹೊಸಬಳು (ಹಾಸನ)

ಮುತ್ತುಗದ ಹೂವಲ್ಲಿ ಬಟ್ಟೆಗೆ ಬಣ್ಣ ಹಾಕಬಹುದು ಅಂತ ಕೇಳಿದೀನಿ. ನಿಜಾನಾ? ನನ್ನ ಹತ್ರ ಮಾಸಿದ ಬಿಳಿ ಬೆಡ್‌ಶೀಟ್ ಇದೆ.

ಘಟ್ಟದಂಚು

ನಿಜ ಅಕ್ಕ. ಹೋಳಿ ಹಬ್ಬಕ್ಕೆ ಹಿಂದೆಲ್ಲ ಇದೇ ಓಕುಳಿ. ಬಿದ್ದ ಹೂವನ್ನೇ ಆರಿಸಿ ತನ್ನಿ, ಕೊಂಬೆ ಎಳೆಯಬೇಡಿ. ನೆರಳಲ್ಲಿ ಒಣಗಿಸಿಟ್ಟರೆ ಆಮೇಲೂ ಬಳಸಬಹುದು.

ಓಕುಳಿಗಾದರೆ ನೀರಲ್ಲಿ ನೆನೆಸಿದರೆ ಸಾಕು. ಬಟ್ಟೆಗೆ ಹಿಡಿಯಬೇಕು ಅಂದರೆ ಕೆಲಸ ಜಾಸ್ತಿ. ಹತ್ತಿಗೆ ಬಣ್ಣ ಸುಮ್ನೆ ಅಂಟೋದಿಲ್ಲ. ಮೊದಲು ಬಟ್ಟೆಯನ್ನು ಗಂಜಿ ಹೋಗುವಂತೆ ತೊಳೆಯಿರಿ. ಅಳಲೆಕಾಯಿ ಪುಡಿ ಕದಡಿದ ನೀರಲ್ಲಿ ಒಂದು ರಾತ್ರಿ ನೆನೆಸಿ, ಹಿಂಡಿ ಒಣಗಿಸಿ. ಆಮೇಲೆ ಪಟಕದ (ಆಲಂ) ನೀರಲ್ಲಿ ನೆನೆಸಿ. ಒಣ ಬಟ್ಟೆ ಒಂದು ಕೆಜಿ ಇದ್ದರೆ ನೂರೈವತ್ತು ಗ್ರಾಂ ಪಟಕ ಸಾಕು. ಬಟ್ಟೆಯ ತೂಕದಷ್ಟೇ ಒಣ ಹೂವನ್ನು ರಾತ್ರಿ ನೆನೆಸಿ, ಮುಕ್ಕಾಲು ಗಂಟೆ ಕುದಿಸಿ ಸೋಸಿ. ಆ ನೀರಲ್ಲಿ ಬಟ್ಟೆ ಮುಳುಗಿಸಿ ಸಣ್ಣ ಉರಿಯಲ್ಲಿ ಆಡಿಸುತ್ತಾ ಇರಿ. ಹಳದಿ ಬರುತ್ತದೆ, ಕೇಸರಿ ನಿರೀಕ್ಷೆ ಬೇಡ. ಕಬ್ಬಿಣದ ಪಾತ್ರೆ ಬೇಡ, ಬಣ್ಣ ಕಪ್ಪಿಗೆ ತಿರುಗುತ್ತದೆ. ಬಿಸಿಲಿಗೆ ಬೇಗ ಮಂಕಾಗುವ ಬಣ್ಣ ಇದು. ಕಿಟಕಿ ಪರದೆಗೆ ಬೇಡ, ದಿಂಬಿನ ಗವಸಿಗೆ ಸರಿ. ತೊಳೆಯೋಕೆ ಅಂಟುವಾಳ ಬಳಸಿದರೆ ಬಾಳಿಕೆ ಬರುತ್ತದೆ.

ಬಿಸಿಲೂರು (ಕಲಬುರಗಿ)

ಎಲ್ಲರೂ ವಸಂತ ವಸಂತ ಅಂತೀರಿ. ನಮ್ಮಲ್ಲಿ ಶಿವರಾತ್ರಿ ದಾಟಿದರೆ ನೇರ ಬ್ಯಾಸಗಿ. ನಡೆಯಬೇಕೆಂದರೆ ಬೆಳಕು ಹರಿಯೋ ಮುಂಚೆ ಹೊರಡಬೇಕು, ಸೂರ್ಯ ಮೇಲೆ ಬರೋಷ್ಟರಲ್ಲಿ ಮನೆ ಸೇರಬೇಕು. ಆದರೂ ಬೇವು ಹೂ ಬಿಡುವ ವಾರ ಮಾತ್ರ ಯಾರಿಗೂ ಬಿಟ್ಟುಕೊಡೋದಿಲ್ಲ. ಯುಗಾದಿ ಹತ್ತಿರ ಬಂದಾಗ ಓಣಿ ತುಂಬ ಅದೇ ಕಂಪು.

ನನ್ನ ಹೊಲಿಗೆ ಒಂದೇ. ಹಳೇ ಧೋತರದ ಬಟ್ಟೆಯಲ್ಲಿ ತಲೆಗೆ ಸುತ್ತಿಕೊಳ್ಳೋ ರುಮಾಲು, ಅಂಚು ಮಡಚಿದರೆ ಮುಗೀತು. ನೀರಲ್ಲಿ ಅದ್ದಿ ಹಿಂಡಿ ಸುತ್ತಿಕೊಂಡರೆ ಒಂದು ಮೈಲಿ ಹೋಗಿಬರಬಹುದು.

ದೇಸಿ ಮರ (ಬೆಂಗಳೂರು)

ಒಂದು ತಕರಾರು. ಬೆಂಗಳೂರಲ್ಲಿ ಎಲ್ಲರೂ ಫೋನ್ ಹಿಡಿದು ಓಡೋದು ಟಬೂಬಿಯಾ ನೋಡೋಕೆ. ಅದು ಅಮೆರಿಕ ಖಂಡದ ಮರ. ಜಕರಾಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರ್‌ದು. ಹೊಂಗೆ ಹೂವನ್ನು ಯಾರು ನೋಡ್ತಾರೆ? ಏಪ್ರಿಲ್‌ನಲ್ಲಿ ಫುಟ್‌ಪಾತ್ ತುಂಬ ಉದುರಿದಾಗ ಕಾರಿನ ಮೇಲೆ ಬಿತ್ತು ಅಂತ ಬೈತಾರೆ. ಸೂಜಿಮಲ್ಲಿಗೆ ಅಕ್ಕ ಹೊಂಗೆಯಿಂದ ಶುರುಮಾಡಿದ್ದಕ್ಕೆ ನನ್ನ ಮೆಚ್ಚುಗೆ.

ಕೆರೆದಂಡೆ

ಅಲ್ಲ ಸ್ವಾಮಿ, ನಿಮ್ಮ ಊರಿಗೆ ವರ್ಷವಿಡೀ ಒಂದಾದ ಮೇಲೊಂದು ಮರ ಹೂ ಬಿಡಬೇಕು ಅಂತ ಲೆಕ್ಕ ಹಾಕಿ ನೆಟ್ಟವರು ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್. 1908ರಲ್ಲಿ ಲಾಲ್‌ಬಾಗಿಗೆ ಬಂದವರು. ಮರಕ್ಕೆ ಪಾಸ್‌ಪೋರ್ಟ್ ಕೇಳೋಕೆ ಹೋದರೆ ನಡೆಯೋಕೆ ನೆರಳು ಉಳಿಯೋದಿಲ್ಲ.

ದೇಸಿ ಮರ

ನೆರಳಿಗೆ ಹೊಂಗೆ ಸಾಕು. ಹೊಸದಾಗಿ ನೆಡುವಾಗಲಾದರೂ ನೋಡಿ ನೆಡಲಿ ಅಂತಷ್ಟೇ.

ಸುಮ್ನೆ ಓದುವವಳು (ಶಿವಮೊಗ್ಗ)

ಬೂರುಗದ ಮಾತು ಬಂತಲ್ಲ. ನಮ್ಮ ನಡಿಗೆ ದಾರಿಯಲ್ಲೇ ಒಂದು ದೊಡ್ಡ ಮರ ಇದೆ. ಏಪ್ರಿಲ್‌ನಲ್ಲಿ ಹತ್ತಿ ಹಾರಾಡುತ್ತದೆ. ಅದನ್ನು ತುಂಬಿ ದಿಂಬು ಮಾಡಬಹುದಾ? ಅಜ್ಜಿ ಮನೆಯಲ್ಲಿ ಇತ್ತು ಅಂತ ನೆನಪು.

ಘಟ್ಟದಂಚು

ಮಾಡಬಹುದು, ತಾಳ್ಮೆ ಬೇಕು. ಹಾರಾಡುವ ಹತ್ತಿಯನ್ನು ಹಿಡಿಯೋಕೆ ಆಗೋದಿಲ್ಲ. ಕಾಯಿ ಕಂದು ಬಣ್ಣಕ್ಕೆ ತಿರುಗಿ ಬಿರಿಯೋ ಹೊತ್ತಿಗೆ ಕೆಳಗೆ ಬಿದ್ದದ್ದನ್ನು ಆರಿಸಿಕೊಂಡು ಬಂದು, ಗಾಳಿ ಬೀಸದ ಕೋಣೆಯಲ್ಲಿ ಬಿಡಿಸಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬೀಜ ಪೂರ್ತಿ ತೆಗೆಯಿರಿ. ಬೀಜದಲ್ಲಿ ಎಣ್ಣೆ ಇದೆ, ಉಳಿದರೆ ವಾಸನೆ ಬರುತ್ತದೆ.

ಸೂಜಿಮಲ್ಲಿಗೆ

ಇದಕ್ಕೆ ನಾನು ಸೇರಿಸೋದು ಒಂದಿದೆ. ಒಳಚೀಲಕ್ಕೆ ಮಾತ್ರ ಸವೆದ ಸೀರೆ ಬೇಡ. ಬೂರುಗದ ಎಳೆ ಗಿಡ್ಡ, ನುಣುಪು. ಸಣ್ಣ ಸಂದಿ ಸಿಕ್ಕರೂ ಹೊರಬರುತ್ತದೆ. ಒತ್ತಾಗಿ ನೇಯ್ದ ದಪ್ಪ ಬಟ್ಟೆ ಬೇಕು, ಹಳೇ ಶರ್ಟಿಂಗ್ ಆಗಬಹುದು. ಹೊಲಿಗೆ ಎರಡು ಸಲ ಹಾಕಿ. ಮೊದಲು ಬಟ್ಟೆಯ ಒಳಬದಿಗಳನ್ನು ಎದುರುಬದುರು ಇಟ್ಟು ಅಂಚಿಗೆ ಹತ್ತಿರ ಹೊಲಿದು, ತಿರುಗಿಸಿ ಇನ್ನೊಂದು ಹೊಲಿಗೆ, ಕಚ್ಚಾ ಅಂಚು ಒಳಗೆ ಮುಚ್ಚಿಹೋಗುವ ಹಾಗೆ. ಈ ದಿಂಬನ್ನು ಒಗೆಯುವಂತಿಲ್ಲ, ಬಿಸಿಲಿಗೆ ಹಾಕಿ ತಟ್ಟಬೇಕು ಅಷ್ಟೇ.

ಕೌದಿ ಅವ್ವ

ಮಗು ತಲೆ ಕೆಳಗೆ ಇಡಬೇಡಿ ಮತ್ತ, ಎಳೆ ಹೊರಬಂದರೆ ಮೂಗಿಗೆ ಹೋಗುತ್ತದೆ. ಕೂಸಿಗೆ ಅಜ್ಜಿಯ ಹಳೇ ಸೀರೆಯ ತೆಳು ಕೌದಿ ಸಾಕು.

ದೂರದೂರು (ಮ್ಯಾಂಚೆಸ್ಟರ್)

ಇಲ್ಲಿ ಮಾರ್ಚ್ ಕೊನೆಗೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಕೆಲಸ ಮುಗಿಸಿ ಬಂದ ಮೇಲೂ ಬೆಳಕು ಇರುತ್ತದಲ್ಲ, ಅದೇ ನಮಗೆ ಯುಗಾದಿ. ಕಾಲುವೆ ದಂಡೆ ಮೇಲೆ ನಡೀತೀನಿ. ಕೆಸರು, ಡ್ಯಾಫೊಡಿಲ್, ಬಾತುಕೋಳಿ.

ಹೊಲಿಗೆಗೆ ಇಲ್ಲಿನ ಚಾರಿಟಿ ಅಂಗಡಿಗಳೇ ಗತಿ. ಷರತ್ತು ಮುರಿದೆ ಅನ್ನಬೇಡಿ ಅಕ್ಕ, ಅದೂ ಹಳೇ ಬಟ್ಟೆಯೇ. ಇಬ್ಬರು ಹೊದೆಯೋ ರಜಾಯಿಯ ಗವಸು, ಡಬಲ್ ಡುವೆಟ್ ಕವರ್ ಅಂತಾರೆ, ಎರಡು ಮೀಟರ್ ಚೌಕ, ಅದೂ ಎರಡು ಪದರ. ಒಂದು ಕವರ್ ಕೊಂಡರೆ ನನಗೆ ನೈಟಿ, ಮಗಳಿಗೆ ಲಂಗ, ಸಂತೆಗೆ ಕೈಚೀಲ. ಅಮ್ಮ ಕಳಿಸಿದ ಕೌದಿ ಹೀಟರ್ ಬಿಲ್ ಉಳಿಸ್ತಿದೆ.

ಹೊಸಬಳು

ಇನ್ನೊಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಅತ್ತೆಯ ಹಳೇ ಕಪ್ಪು ಮೆಷಿನ್ ಹೊರಗೆ ತೆಗೆದೆ. ಮೇಲೆ ಹೊಲಿಗೆ ಚೆಂದ, ಕೆಳಗೆ ದಾರ ಗುಂಗುರು ಗುಂಗುರಾಗಿ ಸಿಕ್ಕಿಕೊಳ್ತಿದೆ. ರಿಪೇರಿಯವರು ಬಂದು ನೋಡಿ ಮೋಟಾರ್ ಹಾಕಿಸಿ ಅಂತ ಹೇಳಿ ಹೋದರು.

ಕೆರೆದಂಡೆ

ಮೋಟಾರಿಗೂ ಇದಕ್ಕೂ ಸಂಬಂಧವೇ ಇಲ್ಲಮ್ಮ. ಗಂಟು ಕೆಳಗೆ ಕಂಡರೂ ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಮೊದಲು ಬಟ್ಟೆ ಒತ್ತಿ ಹಿಡಿಯೋ ಮೆಷಿನ್ನಿನ ಪಾದ ಎತ್ತಿ, ಮೇಲಿನ ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ. ಪಾದ ಇಳಿಸಿಕೊಂಡು ಪೋಣಿಸಿದರೆ ದಾರ ಅದನ್ನು ಬಿಗಿ ಹಿಡಿಯೋ ಟೆನ್ಷನ್ ಬಿಲ್ಲೆಗಳ ನಡುವೆ ಕೂರೋದೇ ಇಲ್ಲ. ಆ ಬಿಲ್ಲೆಗಳ ನಡುವೆ ದಾರದ ಚೂರು ಸಿಕ್ಕಿದೆಯಾ ನೋಡಿ. ಸೂಜಿ ಹೊಸದು ಹಾಕಿ, ಹತ್ತಿ ಬಟ್ಟೆಗೆ 14 ನಂಬರ್ ಸಾಕು. ಚಪ್ಪಟೆ ಬದಿ ಹಳೇ ಸೂಜಿ ಇದ್ದ ದಿಕ್ಕಿಗೇ ಇರಲಿ. ಕೆಳಗಿನ ದಾರ ಇರೋ ಬಾಬಿನ್ ಕೇಸ್ ತೆಗೆದು ಅಡಿಯ ಧೂಳನ್ನು ಬ್ರಷ್‌ನಲ್ಲಿ ಗುಡಿಸಿ, ಮೆಷಿನ್ ಎಣ್ಣೆ ಒಂದೊಂದು ಹನಿ ಬಿಡಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇಷ್ಟಾದ ಮೇಲೆ ಚೂರು ಬಟ್ಟೆಯ ಮೇಲೆ ಹೊಲಿದು ನೋಡಿ ಹೇಳಿ.

ಹೊಸಬಳು

ಸರ್, ಬಿಲ್ಲೆ ನಡುವೆ ಹಸಿರು ದಾರದ ಚೂರು ಇತ್ತು! ತೆಗೆದೆ. ಈಗ ಎರಡೂ ಕಡೆ ಒಂದೇ ಥರ ಬರ್ತಿದೆ. ಮೊದಲು ಜೇಬೇ ಹಾಕ್ತೀನಿ.

ಸುಮ್ನೆ ಓದುವವಳು

ಮನೇಲಿ ಕಡ್ಡಿ ಮುರಿದ ಕೊಡೆಗಳು ಬಿದ್ದಿವೆ. ಬಟ್ಟೆ ಚೆನ್ನಾಗಿದೆ. ಏನಾದರೂ ಆಗುತ್ತಾ?

ಸೂಜಿಮಲ್ಲಿಗೆ

ಆಗದೇ ಏನು? ಮಡಚಿ ಜೇಬಲ್ಲಿ ಇಟ್ಟುಕೊಳ್ಳೋ ಚೀಲಕ್ಕೆ ಅದಕ್ಕಿಂತ ಒಳ್ಳೇ ಬಟ್ಟೆ ಇಲ್ಲ. ಕಡ್ಡಿಗೆ ಕಟ್ಟಿರೋ ದಾರ ಮಾತ್ರ ಕತ್ತರಿಸಿ, ಬಟ್ಟೆಯನ್ನು ಇಡಿಯಾಗಿ ಬಿಡಿಸಿಕೊಳ್ಳಿ. ತ್ರಿಕೋನಗಳನ್ನು ಬಿಚ್ಚಬೇಡಿ. ಅರ್ಧಕ್ಕೆ ಮಡಚಿ, ಅದರಲ್ಲಿ ಸಿಗುವಷ್ಟು ದೊಡ್ಡ ಚೌಕ ಗುರುತು ಹಾಕಿ ಕತ್ತರಿಸಿ, ಪಕ್ಕ ಎರಡೂ ಹೊಲಿದರೆ ಚೀಲ. ಉಳಿದ ಅಂಚಿನ ತುಂಡುಗಳಲ್ಲಿ ಹಿಡಿಕೆ. 11 ನಂಬರ್ ಸೂಜಿ, ಪಾಲಿಸ್ಟರ್ ದಾರ. ಗುಂಡುಪಿನ್ ಚುಚ್ಚಬೇಡಿ, ತೂತು ಹಾಗೇ ಉಳಿಯುತ್ತದೆ, ಬಟ್ಟೆ ಒಣಗಿಸೋ ಕ್ಲಿಪ್ ಹಾಕಿಕೊಳ್ಳಿ. ಇಸ್ತ್ರಿ ತಾಗಿಸಲೇಬೇಡಿ, ಕರಗುತ್ತದೆ. ಉಳಿದ ಕಡ್ಡಿಗಳಲ್ಲಿ ನೆಟ್ಟಗಿರೋವು ಇದ್ದರೆ ಟೊಮೇಟೊ ಗಿಡಕ್ಕೆ ಆಸರೆ ಕೊಡಿ.

ಲೆಕ್ಕಪತ್ರ

ಆ ಚೀಲದ ಅಳತೆ ಬರೆದು ಹಾಕಿ. ನಮ್ಮನೆಯಲ್ಲೂ ಮುರಿದ ಕೊಡೆ ಇದೆ, ಬೀರುವಿನಲ್ಲಿ ಕಪ್ಪು ದಾರವೂ ಬೇಕಾದಷ್ಟಿದೆ.